ಗಿಳಿ ಅಂಚಿನ ಚುಕ್ಕಿ ಕಾಗದ

ಅರಗು ಸುಡೋ ವಾಸನೆ ನನಗೆ ಆಗಿಬರಲ್ಲ. ಮೊನ್ನೆ ಚಳ್ಳಕೆರೆಯ ಟಪ್ಪಾಲು ಕಚೇರಿಗೆ ಹೋಗಿದ್ದೆ. ತಂಗಿಯ ಮೊಮ್ಮಗಳ ಮದುವೆಗೆ ಒಂದು ಸೀರೆ ಪಾರ್ಸಲ್ ಕಳಿಸೋದಿತ್ತು. ನನ್ನ ಮುಂದೆ ನಿಂತಿದ್ದವರ ಗಂಟಿನ ಮೇಲೆ ಗುಮಾಸ್ತ ಕೆಂಪು ಅರಗು ಕರಗಿಸಿ, ತೊಟ್ಟು ತೊಟ್ಟಾಗಿ ಬಿಟ್ಟು, ಮುದ್ರೆ ಒತ್ತಿದ. ಆ ವಾಸನೆ ಮೂಗಿಗೆ ಬಡೀತು. ಅಳು ಬರಲಿಲ್ಲ. ಅಳು ಬರೋ ಕಾಲ ಹೋಗಿ ನಲವತ್ತು ವರ್ಷದ ಮೇಲಾಯ್ತು. ಸುಮ್ಮನೆ ಗೋಡೆ ಹಿಡ್ಕೊಂಡು ನಿಂತೆ.

ಆ ಕಾಲದಲ್ಲಿ ಈ ಬಸ್ಸು ಇರಲಿಲ್ಲ, ಈ ಎಣ್ಣೆ ಗಿರಣಿಗಳೂ ಇರಲಿಲ್ಲ. ನಮ್ಮೂರು ಮೊಳಕಾಲ್ಮೂರಲ್ಲಿ ಬೆಳಗಿನ ಜಾವ ಗಾಡಿ ಕಟ್ಟಿದರೆ ತಳುಕಿನಲ್ಲಿ ಇಳಿದು, ಬುತ್ತಿ ಬಿಚ್ಚಿ, ಅಲ್ಲೇ ಮಲಗಿ, ಮಾರನೇ ದಿನ ಮಧ್ಯಾಹ್ನಕ್ಕೆ ಚಳ್ಳಕೆರೆ. ಒಂದೇ ವರ್ಷದಲ್ಲಿ ನಾನು ಆ ದಾರಿಯನ್ನ ಏಳು ಸಲ ಬಂದು ಹೋಗಿದೀನಿ. ಒಂದು ಕಾಗದಕ್ಕೋಸ್ಕರ. ರಹದಾರಿ ಅಂತ ಅದರ ಹೆಸರು. ಅದು ಕೈಯಲ್ಲಿದ್ದರೆ ಮಾತ್ರ ಹಡಗು ಹತ್ತಿಸೋರು.

ನಮ್ಮದು ರೇಷ್ಮೆ ಸೀರೆ ನೇಯೋ ಮನೆ. ಒಳಗೆ ತೆಲುಗು, ಬೀದೀಲಿ ಕನ್ನಡ. ನಾನು ಸೊಸೆಯಾಗಿ ಬಂದಾಗ ಮನೇಲಿ ಇದ್ದದ್ದು ಮಾವ ಮತ್ತೆ ನಮ್ಮವರು, ಇಬ್ಬರೇ. ಅತ್ತೆ ಪ್ಲೇಗಿನಲ್ಲಿ ಹೋಗಿದ್ದರು. ನಮ್ಮವರ ಹೆಸರು ಈಗಲೂ ಬಾಯಲ್ಲಿ ಹೇಳಲ್ಲ, ಕೇಳಬೇಡಿ. ಅವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯೋರು, ನಾನು ಪಕ್ಕದಲ್ಲಿ ಕೂತು ಅಂಚಿನ ದಾರ ಎಳೆಯೋಳು. ಅಂಚಿನಲ್ಲಿ ಗಿಳಿ ಬರಬೇಕೋ ಮಾವಿನಕಾಯಿ ಬರಬೇಕೋ ಅನ್ನೋದು ಒಂದು ಕಾಗದದ ಮೇಲೆ ಇರೋದು. ಕಾಗದಕ್ಕೆ ಮನೆ ಮನೆಯಾಗಿ ಗೆರೆ ಹಾಕಿ, ಎತ್ತೋ ದಾರಕ್ಕೆ ಒಂದು ಚುಕ್ಕಿ, ಬಿಡೋ ದಾರಕ್ಕೆ ಖಾಲಿ ಮನೆ. ಅಷ್ಟೇ. ಅದನ್ನ ನೋಡ್ಕೊಂಡು ನಾನು ಎಳೆದರೆ ಅಂಚಿನಲ್ಲಿ ಗಿಳಿ ಕೂರೋದು. ನನಗೆ ಆಗ ಒಂದಕ್ಷರ ಬರ್ತಿರಲಿಲ್ಲ, ಚುಕ್ಕಿ ಬರ್ತಿತ್ತು. ಅವರೇ ಕಲಿಸಿದ್ದು. ತಪ್ಪಿದರೆ ಲಾಳಿಯಿಂದ ಮಂಡಿಗೆ ಮೆಲ್ಲಗೆ ತಟ್ಟೋರು. ಬೇಕಂತಲೇ ಎಷ್ಟೋ ಸಲ ತಪ್ಪಿದೀನಿ.

ಮದುವೆಯಾದ ಮೂರನೇ ವರ್ಷ ರಾಯದುರ್ಗದ ಕಡೆಯ ಜವಳಿ ಸಾಹುಕಾರರೊಬ್ಬರು ಸಿಂಗಾಪುರದಲ್ಲಿ ಅಂಗಡಿ ಇಟ್ಟರು. ರೇಷ್ಮೆ ಬಲ್ಲವನೊಬ್ಬ ಬೇಕು ಅಂತ ನಮ್ಮವರನ್ನ ಕರ್ಕೊಂಡು ಹೋದರು. "ಎರಡು ವರ್ಷ ಕಣೇ ಲಕ್ಷುಮಿ, ಒಂದು ಕೋಣೆ ಹಿಡಿದು ನಿನ್ನ ಕರೆಸ್ಕೊಂತೀನಿ" ಅಂದಿದ್ದರು. ಮಾತು ತಪ್ಪಲಿಲ್ಲ. ಎರಡು ವರ್ಷಕ್ಕೆ ಸರಿಯಾಗಿ ಕಾಗದ ಬಂತು, ಕೋಣೆ ಸಿಕ್ಕೈತೆ, ಬಾ ಅಂತ. ಅಷ್ಟರಲ್ಲಿ ಎಲ್ಲೋ ದೊಡ್ಡ ಯುದ್ಧ ಶುರುವಾಗಿತ್ತು. ಸಿಂಗಾಪುರದಲ್ಲೂ ಏನೋ ಗಲಾಟೆ ಆಗಿ, ಅಲ್ಲಿಗೆ ಯಾರು ಹೋಗಬೇಕಂದ್ರೂ ಸರ್ಕಾರ ಮೊದಲು ವಿಚಾರಿಸ್ತಿತ್ತು. ಇವರು ಯಾರು, ಎಂಥ ಜನ, ಯಾರ ಜೊತೆ ಒಡನಾಟ, ಸರ್ಕಾರದ ಮೇಲೆ ಕೆಟ್ಟ ಮನಸ್ಸಿಲ್ಲವಲ್ಲ, ಹೀಗೆ. ಅದೆಲ್ಲ ಸರಿ ಅಂತ ಪೊಲೀಸರು ಬರೆದರೆ ರಹದಾರಿ. ಯುಗಾದಿ ಕಳೆದ ವಾರ ನಾನು ಮಾವ ಚಳ್ಳಕೆರೆ ಅಮಲ್ದಾರರ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆವು. ನಮ್ಮೂರ ಕಚೇರಿ ಆಗ ಚಳ್ಳಕೆರೆಯ ಕೈಕೆಳಗಿತ್ತು.

ಹೆಂಗಸು ಒಬ್ಬಳೇ ಸಮುದ್ರ ದಾಟೋಕಾಗುತ್ತಾ? ರಾಯದುರ್ಗದ ವಯಸ್ಸಾದ ಗಂಡ ಹೆಂಡತಿ, ಅದೇ ಸಾಹುಕಾರರ ನೆಂಟರು, ದೀಪಾವಳಿ ಮುಗಿಸಿ ಹೊರಡೋರಿದ್ದರು. ಅವರ ರಹದಾರಿ ಯುದ್ಧಕ್ಕೆ ಮೊದಲೇ ಆಗಿತ್ತು. "ನಮ್ಮ ಜೊತೆ ಬಾರಮ್ಮ, ಮಗಳಂಗೆ ನೋಡ್ಕೊಂತೀವಿ" ಅಂದಿದ್ದರು. ಅಂದ್ರೆ ನನ್ನ ಕೈಯಲ್ಲಿ ಇದ್ದದ್ದು ಯುಗಾದಿಯಿಂದ ದೀಪಾವಳಿವರೆಗಿನ ಕಾಲ. ಧಾರಾಳ ಸಾಕು ಅಂದುಕೊಂಡಿದ್ದೆ. ಟ್ರಂಕು ಕೊಂಡಿದ್ದಾಯ್ತು, ಉಪ್ಪಿನಕಾಯಿ ಹಾಕಿದ್ದಾಯ್ತು.

ಮೊದಲ ತನಿಖೆ ಬೇಗ ಮುಗೀತು. ಪೊಲೀಸ್ ಜಮೇದಾರ ಬಂದು ಶಾನುಭೋಗರ ಜಗಲಿ ಮೇಲೆ ಕೂತು ನಮ್ಮನ್ನ ಕರೆಸಿದ. "ಗಂಡನ ಹೆಸರು ಹೇಳಮ್ಮ" ಅಂದ. ನಾನು ನೆಲ ನೋಡಿದೆ. ಇನ್ನೊಂದು ಸಲ ಕೇಳಿದ. ಮಾವ "ಆಯಮ್ಮ ಹೇಳಲ್ಲ ಸ್ವಾಮಿ, ನಾನು ಹೇಳ್ತೀನಿ, ನನಗವನು ಮಗ" ಅಂದ್ರು. ಎಲ್ಲರೂ ನಕ್ಕರು. ಜಮೇದಾರನೂ ನಕ್ಕ. ಒಳ್ಳೆ ಜನ ಅಂತ ಬರ್ಕೊಂಡು ಹೋದ. ಆಷಾಢದಲ್ಲಿ ಹೋಗಿ ವಿಚಾರಿಸಿದಾಗ ಕಚೇರಿಯ ಗುಮಾಸ್ತರು "ಇನ್ನೇನು ಬಂದಂಗೇ ಲೆಕ್ಕ" ಅಂದ್ರು. ಆ ಸಲ ಚಳ್ಳಕೆರೆಯ ಬಯಲಲ್ಲಿ ಎಂಥಾ ಗಾಳಿ ಅಂತೀರಿ, ಮಾವನ ರುಮಾಲು ಹಾರಿ ಕಾರೆ ಗಿಡಕ್ಕೆ ಸಿಕ್ಕೊಂಡಿತ್ತು. ನಗ್ತಾ ನಗ್ತಾ ಬಿಡಿಸ್ಕೊಂಡು ಬಂದೆವು. ಆ ವರ್ಷ ನಾನು ನಕ್ಕದ್ದು ಅದೇ ಕೊನೆ ಅಂತ ಕಾಣುತ್ತೆ.

ಚಳ್ಳಕೆರೆಯಿಂದ ಬಂದ ಖುಷೀಲಿ ನಾನು ಮಾಡಬಾರದ್ದೊಂದು ಮಾಡಿದೆ.

ನಮ್ಮವರಿಗೆ ಕಾಗದ ಬರೀಬೇಕಂದ್ರೆ ಕೂಲಿಮಠದ ಐಗಳೇ ಗತಿ. ಊರ ಮಕ್ಕಳಿಗೆ ಅಕ್ಷರ ಹೇಳೋ ಮೇಷ್ಟ್ರು. ನಾನು ಹೇಳಬೇಕು, ಐಗಳು ಬರೀಬೇಕು, ಮಾವ ಪಕ್ಕದಲ್ಲಿ ಕೂತು ಕೇಳಬೇಕು. ಹಂಗಿದ್ದಾಗ ಗಂಡನಿಗೆ ಏನು ಹೇಳೋಕಾಗುತ್ತೆ? ದನ ಚೆನ್ನಾಗೈತೆ, ಮಳೆ ಇಲ್ಲ, ಮಾವನ ಮಂಡಿ ನೋವು. ಮುಗೀತು. ಆ ಸಲ ಐಗಳು ಬರೆದು ಕೊಟ್ಟಮೇಲೆ ಕಾಗದ ಮನೆಗೆ ತಂದು, ಅಡಿಯಲ್ಲಿ ಉಳಿದಿದ್ದ ಜಾಗದಲ್ಲಿ ಗೆರೆ ಹಾಕಿ ಒಂದು ಅಂಚು ಇಟ್ಟೆ. ನಾನೇ ಮನಸ್ಸಿನಲ್ಲಿ ಕಟ್ಟಿದ್ದು. ಎರಡು ಗಿಳಿ ಎದುರು ಬದುರು, ಕೊಕ್ಕಿಗೆ ಕೊಕ್ಕು ತಾಗಿಸ್ಕೊಂಡು. ನಮ್ಮಲ್ಲಿ ಅರ್ಧ ಇಟ್ಟರೆ ಸಾಕು, ಉಳಿದರ್ಧಕ್ಕೆ ಅದೇ ಚುಕ್ಕಿಯನ್ನ ಕೊನೆಯಿಂದ ಮೊದಲಿಗೆ ನೋಡ್ಕೊಂಡು ದಾರ ಎಳೀತೀವಿ. ಅದಕ್ಕೆ ಒಂದೇ ಗಿಳಿಯ ಚುಕ್ಕಿ ಇಟ್ಟೆ. ಜಾಗ ಸಾಲಲಿಲ್ಲ, ಸಾಲುಗಳನ್ನ ತುಂಡು ಮಾಡಿ ಒಂದರ ಪಕ್ಕ ಒಂದು ಇಟ್ಟೆ. ನೇಯೋರ ಕಣ್ಣಿಗೆ ಅದು ಗಿಳಿ. ಬೇರೆಯವರ ಕಣ್ಣಿಗೆ ಬರೀ ಚುಕ್ಕಿ, ಖಾಲಿ, ಚುಕ್ಕಿ ಚುಕ್ಕಿ, ಖಾಲಿ. ನಮ್ಮವರು ನೋಡಿದರೆ ಸಾಕಿತ್ತು. ಬೇರೆಯವರೂ ನೋಡ್ತಾರೆ ಅನ್ನೋದು ನನ್ನ ತಲೆಗೆ ಎಲ್ಲಿ ಬರಬೇಕು? ಯುದ್ಧದ ಕಾಲದಲ್ಲಿ ಕಾಗದ ಒಡೆದು ಓದ್ತಾರೆ ಅಂತ ನಮಗೆ ಹೇಳಿದೋರು ಯಾರು?

ಶ್ರಾವಣ ಬಂತು, ರಹದಾರಿ ಬರಲಿಲ್ಲ. ಸಿಂಗಾಪುರದಿಂದ ಕಾಗದವೂ ನಿಂತುಹೋಯ್ತು. ಗಾಡಿ ಕಟ್ಟಿಸಿ ಹೋದೆವು. ಗುಮಾಸ್ತರು ಈ ಸಲ ಮುಖ ಕೊಟ್ಟು ಮಾತಾಡಲಿಲ್ಲ.

"ಮೇಲಿಂದ ಇನ್ನೊಂದು ತನಿಖೆ ಅಂತೆ ಕಣಮ್ಮ."

"ಯಾಕೆ ಸ್ವಾಮಿ? ಒಂದಾಗೈತಲ್ಲ?"

"ನನಗೇನು ಗೊತ್ತು? ಬಾಕಿ ಐತೆ ಅಂತ ಬರೆದವ್ರೆ. ಬಂದ್ರೆ ಹೇಳಿ ಕಳಿಸ್ತೀವಿ."

ಭಾದ್ರಪದದಲ್ಲಿ ಹೋದಾಗಲೂ ಅದೇ ಮಾತು. ಬೈಗುಳ ಇಲ್ಲ, ಲಂಚ ಕೇಳಲಿಲ್ಲ, ಕೂತ್ಕೊಳ್ಳಿ ಅಂದು ನೀರೂ ಕೊಟ್ಟರು. ಕೆಲಸ ಮಾತ್ರ ಆಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ದೇವರು ಯಾರು ಪೂಜಾರಿ ಯಾರು ಅನ್ನೋದೇ ಗೊತ್ತಾಗಲಿಲ್ಲ. ಕಚೇರಿ ಮುಂದಿನ ಹುಣಸೆ ಮರದ ಕೆಳಗೆ ಕೂತು ಸಂಜೆಯವರೆಗೂ ಬಾಗಿಲು ನೋಡೋದು. ಮೊದಲ ಸಲ ಎದೆ ಹೊಡ್ಕೊಂತಿತ್ತು. ಆಮೇಲಾಮೇಲೆ ಅದೂ ನಿಂತುಹೋಯ್ತು. ಮರಕ್ಕೆ ಒರಗಿ ಇರುವೆ ಸಾಲು ನೋಡ್ತಾ ಕೂರ್ತಿದ್ದೆ. ಮಾವ "ಪೋನಿಲೇ ಅಮ್ಮಾಯಿ, ಇವತ್ತಲ್ಲದಿದ್ರೆ ನಾಳೆ" ಅನ್ನೋರು. ಬಿಡು ಮಗಳೇ, ಅಂತ. ನಾನು ಹ್ಞೂಂ ಅನ್ನೋಳು.

ಆಶ್ವೀಜದಲ್ಲಿ, ದೀಪಾವಳಿಗೆ ಇನ್ನು ಇಪ್ಪತ್ತು ದಿನ ಇದ್ದಾಗ, ಪೊಲೀಸ್ ಇನ್‌ಸ್ಪೆಕ್ಟರರೇ ಕುದುರೆ ಮೇಲೆ ನಮ್ಮ ಮನೆಗೆ ಬಂದರು. ಬೀದಿಗೆ ಬೀದಿಯೇ ಬಾಗಿಲು ಹಾಕ್ಕೊಂತು. ಅವರು ಜೇಬಿನಿಂದ ಒಂದು ಕಾಗದ ತೆಗೆದು ಮಾವನ ಮುಂದೆ ಹಿಡಿದರು. ನನ್ನ ಕಾಗದ. ಐಗಳ ಅಕ್ಷರ, ಕೆಳಗೆ ನನ್ನ ಚುಕ್ಕಿ. ಆಗ ಗೊತ್ತಾಯ್ತು, ಅದು ನಮ್ಮವರಿಗೆ ಮುಟ್ಟೇ ಇಲ್ಲ ಅಂತ.

"ಇದೇನು?" ಅಂದ್ರು.

ಮಾವ ನೋಡಿ ನಕ್ಕೇಬಿಟ್ಟರು. "ಅಂಚು ಸ್ವಾಮಿ, ಗಿಳಿ ಅಂಚು."

"ಗಿಳಿ ಎಲ್ಲಿದೆ?"

"ಇಗೋ, ಇದು ಕೊಕ್ಕು. ಇದರ ಬಾಲ ಈ ಕಡೆ ಬಂದೈತೆ. ಜಾಗ ಇರಲಿಲ್ಲ ನೋಡ್ರಿ."

"ನನಗೆ ಚುಕ್ಕಿ ಕಾಣ್ತದೆ, ಗಿಳಿ ಕಾಣಲ್ಲ. ಮೇಲಿನವರಿಗೂ ಕಂಡಿಲ್ಲ. ಇದು ಗುಟ್ಟಿನ ಬರವಣಿಗೆ ಅಂತ ಅವರ ಅನುಮಾನ. ಸಿಂಗಾಪುರಕ್ಕೆ ಏನು ಸುದ್ದಿ ಕಳಿಸ್ತಿದೀರಿ?"

ಮಾವನ ನಗು ಅಲ್ಲೇ ನಿಂತಿತು. ನಾನು ಬಾಗಿಲ ಹಿಂದೆ ಇದ್ದೆ. ಹೊರಗೆ ಬಂದು, ತಲೆ ಮೇಲೆ ಸೆರಗು ಎಳ್ಕೊಂಡು, "ನಾನೇ ಇಟ್ಟಿದ್ದು ಸ್ವಾಮಿ" ಅಂದೆ. ಪರಗಂಡಸಿನ ಜೊತೆ ನಾನಾಡಿದ ಮೊದಲ ಮಾತು ಅದು. "ಅದರಲ್ಲಿ ಸುದ್ದಿ ಏನೂ ಇಲ್ಲ. ಎರಡು ಗಿಳಿ, ಅಷ್ಟೇ."

ಕೆಟ್ಟ ಮನುಷ್ಯ ಅಲ್ಲ ಆತ. ಕಾಗದ ಮಡಚಿ ಜೇಬಿಗಿಟ್ಟು, "ಬಾಯಿಮಾತು ಬರೆದು ಕಳಿಸೋಕಾಗಲ್ಲಮ್ಮ. ನೇಯ್ದು ತೋರಿಸಿ. ಮೂರು ದಿನ ಈ ಕಡೆ ಇರ್ತೀನಿ. ಆಮೇಲೆ ನಾನು ಯಾವ ಕಡೆಯೋ" ಅಂದ್ರು.

ನೇಯೋದು ಹೇಗೆ? ಮನೇಲಿ ಇದ್ದದ್ದು ಒಂದೇ ಮಗ್ಗ. ಅದರ ಮೇಲೆ ಯಾರದೋ ಮದುವೆ ಸೀರೆ ಅರ್ಧ ಆಗಿತ್ತು, ಬೇರೆ ಅಂಚಿನದು. ಹೂಡಿದ ಹಾಸನ್ನ, ಮಗ್ಗದ ಉದ್ದದ ಎಳೆಗಳನ್ನ, ನಡುವೆ ಕತ್ತರಿಸೋದು ಅಂದ್ರೆ ನಮ್ಮ ಜನ ಕನಸಿನಲ್ಲೂ ಎಣಿಸಲ್ಲ. ಮನೇಲಿ ಹೆಣ ಬಿದ್ದರೂ ಮಗ್ಗಕ್ಕೆ ಬಟ್ಟೆ ಹೊದಿಸಿ ನಿಲ್ಲಿಸ್ತೀವೇ ಹೊರತು ಕತ್ತರಿ ಇಡಲ್ಲ. ಅರ್ಧಕ್ಕೆ ಕತ್ತರಿಸಿದ ಮನೇಲಿ ಸಂಸಾರ ಅರ್ಧಕ್ಕೆ ನಿಲ್ಲುತ್ತೆ ಅಂತಾರೆ. ಮಾವ ಮಗ್ಗದ ಮುಂದೆ ಎಷ್ಟೋ ಹೊತ್ತು ಕೂತಿದ್ದರು. ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ, ನನಗೆ ಹೋಗಬೇಕಿತ್ತು. ಕೊನೆಗೆ ಅವರು ಎದ್ದು, ಮಗ್ಗಕ್ಕೆ ಕೈಮುಗಿದು, ಕತ್ತರಿ ಇಟ್ಟರು. ರೇಷ್ಮೆ ಹಾಸು ಕತ್ತರಿಸೋವಾಗ ಎಂಥಾ ಸದ್ದು ಬರುತ್ತೆ ಅಂತ ಆವತ್ತು ಕೇಳಿದೆ. ಮತ್ತೆ ಯಾವತ್ತೂ ಕೇಳಿಲ್ಲ.

ಉಳಿದ ಹಾಸಿನ ಎಳೆಗಳಿಗೆ ಹೊಸದಾಗಿ ಅಂಚಿನ ದಾರ ಕಟ್ಟೋಕೇ ಎರಡು ದಿನ ಹಿಡೀತು. ಮೂರನೇ ದಿನ ಇನ್‌ಸ್ಪೆಕ್ಟರರು ಬಂದು ಮಣೆ ಮೇಲೆ ಕೂತರು. ಕಾಗದ ನನ್ನ ಮುಂದೆ ಹರಡಿದ್ದು ಅವರೇ. ಕುಣಿಯಲ್ಲಿ ಮಾವ, ಪಕ್ಕದಲ್ಲಿ ನಾನು. ಚುಕ್ಕಿ ನೋಡಿ ಎಳೆದೆ. ಮೊದಲು ಬಾಲ ಬಂತು, ಆಮೇಲೆ ಹೊಟ್ಟೆ, ಕತ್ತು. ಮಧ್ಯಾಹ್ನದ ಹೊತ್ತಿಗೆ ಕೊಕ್ಕು. ಆಮೇಲೆ ಕೊನೆಯಿಂದ ಮೊದಲಿಗೆ ಎಳೀತಾ ಹೋದೆ, ಸಂಜೆಗೆ ಎದುರು ಗಿಳಿಯೂ ಬಂದು ಕೂತಿತು. ಒಂದು ಎಳೆಯೂ ತಪ್ಪಲಿಲ್ಲ. ಮಂಡಿಗೆ ತಟ್ಟೋರು ಇರಲಿಲ್ಲ.

"ಹೌದಲ್ಲಯ್ಯ, ಗಿಳಿನೇ!" ಅಂದ್ರು ಇನ್‌ಸ್ಪೆಕ್ಟರರು. ಬಗ್ಗಿ ಬೆರಳಿಂದ ಮುಟ್ಟಿ ನೋಡಿದರು. ಆ ಗೇಣುದ್ದ ಬಟ್ಟೆ ಕತ್ತರಿಸಿ ತಗೊಂಡು, ನನ್ನ ಕಾಗದದ ಜೊತೆ ಲಕೋಟೆಗೆ ಹಾಕಿ, ನಮ್ಮ ದೀಪದಲ್ಲೇ ಅರಗು ಕರಗಿಸಿ ಮುದ್ರೆ ಒತ್ತಿದರು. ಮನೆಯೆಲ್ಲ ಆ ವಾಸನೆ. "ಇನ್ನೇನು ಯೋಚನೆ ಇಲ್ಲ ತಾಯಿ, ಹತ್ತು ದಿನದಲ್ಲಿ ಬರುತ್ತೆ" ಅಂದ್ರು. ಆ ವಾಸನೆಯೇ ನನಗೆ ಆವತ್ತು ಊದುಬತ್ತಿ. ಆ ಇರುಳು ಟ್ರಂಕು ತೆಗೆದು ಬಟ್ಟೆ ಮತ್ತೆ ಮಡಚಿಟ್ಟೆ.

ಹತ್ತು ದಿನ ಆಯ್ತು. ದೀಪಾವಳಿ ಆಯ್ತು. ಕಚೇರಿಗೆ ಓಡಿದೆವು. "ಬಟ್ಟೆ ಮೇಲಕ್ಕೆ ಹೋಗೈತೆ, ಮೇಲಿಂದ ಬಂದಿಲ್ಲ." ಕಾರ್ತೀಕದಲ್ಲಿ ರಾಯದುರ್ಗದ ಆ ಗಂಡ ಹೆಂಡತಿ ಬಂದು ನಮ್ಮನೇಲಿ ಎರಡು ದಿನ ಕಾದರು. ಮೂರನೇ ದಿನ ಆಯಮ್ಮ ನನ್ನ ಗಲ್ಲ ಹಿಡಿದು, "ಹೊರಡ್ತೀವಮ್ಮ, ಹಡಗು ಕಾಯಲ್ಲ" ಅಂದರು. ಉಪ್ಪಿನಕಾಯಿ ಭರಣಿ ಆಯಮ್ಮನ ಕೈಗೆ ಕೊಟ್ಟೆ, ನಮ್ಮವರಿಗೆ ಕೊಡಿ ಅಂತ. ಗಾಡಿ ತಿರುವು ದಾಟೋವರೆಗೂ ನಿಂತು ನೋಡಿದೆ. ದುಃಖ ಬಂತೇ ಅಂದ್ರೆ ಬರಲಿಲ್ಲ. ಬಿಸಿನೀರು ಮೈಮೇಲೆ ಬಿದ್ದರೂ ಗೊತ್ತಾಗದ ಹಂಗಿದ್ದೆ. ಒಳಗೆ ಬಂದು ಅನ್ನಕ್ಕಿಟ್ಟೆ.

ಪುಷ್ಯದಲ್ಲಿ ಇನ್ನೊಂದು ಸಲ ಹೋಗಿ ಬರಿಗೈಲಿ ಬಂದೆವು. ಮಾಘ ಕಳೆದು ಫಾಲ್ಗುಣದಲ್ಲಿ ಕರೆ ಬಂತು. ಆ ಏಳನೇ ಸಲ ಗುಮಾಸ್ತರು ನಗ್ತಾ ಎದುರಿಗೆ ಬಂದರು. "ತಗೊಳ್ಳಮ್ಮ, ಬಂತು ನೋಡು ನಿನ್ನ ರಹದಾರಿ. ಅನುಮಾನ ಪರಿಹಾರ ಆಗೈತೆ ಅಂತ ಬರೆದವ್ರೆ." ದಪ್ಪ ಕಾಗದ, ಕೆಳಗೆ ಕೆಂಪು ಮುದ್ರೆ. ಅದರ ಜೊತೆ ಒಂದು ಕಟ್ಟು ಕೊಟ್ಟರು. "ಇವೂ ನಿಮ್ಮವೇ. ತನಿಖೆ ಮುಗಿಯೋವರೆಗೂ ತಡೆದಿಟ್ಟಿದ್ದರಂತೆ."

ಐದು ಕಾಗದ. ಎಲ್ಲ ನಮ್ಮವರದು, ಎಲ್ಲ ಒಡೆದದ್ದು. ಊರು ಸೇರೋವರೆಗೂ ತಡ್ಕೊಳ್ಳೋಕೆ ನನ್ನ ಕೈಲಾಗಲಿಲ್ಲ. "ಓದ್ರಿ ಸ್ವಾಮಿ" ಅಂದೆ. ಹುಣಸೆ ಮರದ ಕೆಳಗೆ ಗುಮಾಸ್ತರು ನಿಂತು, ಕಚೇರಿ ಹುಕುಂ ಓದೋ ದನಿಯಲ್ಲೇ ಓದಿದರು.

ಮೊದಲನೇದರಲ್ಲಿ, ಯಾವಾಗ ಬರ್ತೀಯಾ ಅಂತ ಇತ್ತು. ಎರಡನೇದರಲ್ಲಿ, ಯಾಕೆ ಕಾಗದ ಇಲ್ಲ, ಮೈಗೆ ಹುಷಾರಿಲ್ಲವಾ ಅಂತ. ಮೂರನೇದು ಓದೋವಾಗ ಗುಮಾಸ್ತರ ದನಿ ಸಣ್ಣಗಾಯ್ತು. ಅಲ್ಲಿಯ ಪೊಲೀಸರು ಅಂಗಡಿಗೆ ಬಂದಿದ್ದರಂತೆ, ಕೈಯಲ್ಲಿ ನನ್ನ ಚುಕ್ಕಿಯ ನಕಲು ಹಿಡ್ಕೊಂಡು. ಇದೇನು ಅಂದರಂತೆ. ಇವರು ನೋಡಿದ್ದೇ ತಡ, 'ನಮ್ಮಾಕೆ ಇಟ್ಟ ಗಿಳಿ ಅಂಚು' ಅಂದರಂತೆ. ನೇಯ್ದು ತೋರಿಸು ಅಂದರಂತೆ. 'ಇಲ್ಲಿ ಮಗ್ಗ ಎಲ್ಲಿಂದ ತರಲಿ ಲಕ್ಷುಮಿ? ಈ ಊರಲ್ಲೆಲ್ಲ ಹುಡುಕಿದೆ. ಗಿಳಿ ಬಹಳ ಚೆನ್ನಾಗೈತೆ.'

ಅಂದ್ರೆ ಅವರು ನೋಡಿದ್ದರು. ಪೊಲೀಸರ ಕೈಯಲ್ಲಿ ನೋಡಿದ್ದರು.

ನಾಲ್ಕನೇದರಲ್ಲಿ, ಪೊಲೀಸರು ಮೂರು ಸಲ ಬಂದರು, ಸಾಹುಕಾರರು ಹೆದರಿಕೊಂಡಿದಾರೆ ಅಂತ ಇತ್ತು. ಐದನೇದು ದೀಪಾವಳಿಗೆ ಮುಂಚಿನದು. 'ಅಂಗಡಿಗೆ ಬರಬೇಡ ಅಂದ್ರು. ಕೋಣೆ ಬಿಟ್ಟೆ. ಎಲ್ಲಿಗೆ ಹೋಗ್ತೀನಿ ಅಂತ ಇನ್ನೂ ಗೊತ್ತಿಲ್ಲ. ವಿಳಾಸ ಬರೀತೀನಿ, ಅಲ್ಲಿವರೆಗೂ ನೀನು ಹೊರಡಬೇಡ.'

"ಇಷ್ಟೇ" ಅಂದ್ರು ಗುಮಾಸ್ತರು. "ಕೆಳಗೆ ಏನೋ ಗೆರೆ ಎಳೆದವ್ರೆ. ಏನೂ ಬರೆದಿಲ್ಲ."

ಇಸ್ಕೊಂಡು ನೋಡಿದೆ. ಮನೆ ಮನೆಯಾಗಿ ಗೆರೆ ಹಾಕಿದ್ದರು, ಒಂದು ಅಂಚಿಗೆ ಬೇಕಾದಷ್ಟು, ನೀಟಾಗಿ. ಒಂದು ಮನೆಯಲ್ಲೂ ಚುಕ್ಕಿ ಇರಲಿಲ್ಲ. ಇಡೋಕೆ ಹೆದರಿದ್ದರು. ಮಾವನಿಗೂ ತೋರಿಸಿದೆ. ಅವರು ನೋಡಿ, ಮಡಚಿ, ನನ್ನ ಕೈಗೇ ಕೊಟ್ಟರು.

ವಿಳಾಸ ಬರಲಿಲ್ಲ. ಅಂಗಡಿಗೆ ಬರೆಸಿದೆವು, ಎಲ್ಲಿ ಹೋದನೋ ತಿಳಿಯದು ಅಂತ ಉತ್ತರ ಬಂತು. ಎಷ್ಟೋ ವರ್ಷಕ್ಕೆ ರಾಯದುರ್ಗದ ಆಯಮ್ಮ ವಾಪಸ್ಸು ಬಂದಾಗ, ನಾವು ಹೋಗೋ ಹೊತ್ತಿಗೆ ಅವರು ಅಲ್ಲಿ ಇರಲಿಲ್ಲಮ್ಮ ಅಂದರು. ಉಪ್ಪಿನಕಾಯಿ ಭರಣಿ ಏನಾಯ್ತು ಅಂತ ನಾನು ಕೇಳಲಿಲ್ಲ. ಸಿಂಗಾಪುರಕ್ಕೆ ಹೋಗೋಕೆ ನನ್ನ ಹತ್ತಿರ ಸರ್ಕಾರದ ಮುದ್ರೆ ಇತ್ತು, ಸಿಂಗಾಪುರದಲ್ಲಿ ನನ್ನೋರು ಇರಲಿಲ್ಲ. ಆ ಕಾಗದಗಳನ್ನ ಇನ್ನೊಬ್ಬರ ಬಾಯಲ್ಲಿ ಕೇಳೋದು ಬೇಡ ಅಂತ ಐಗಳ ಹತ್ತಿರ ಅಕ್ಷರ ಕಲಿತೆ. ನಾನು ಮೊದಲು ಓದಿದ್ದು ಆ ಮೂರನೇ ಕಾಗದ. ಮಾವ ಸಾಯೋವರೆಗೂ ಅವರ ಪಕ್ಕ ಕೂತು ದಾರ ಎಳೆದೆ. ಅರ್ಧಕ್ಕೆ ಕತ್ತರಿಸಿದ ಮಾತು ಇಬ್ಬರೂ ಎತ್ತಲಿಲ್ಲ. ನಮ್ಮವರು ಇದ್ದಾರೆ ಅಂತ ಯಾರೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಕುಂಕುಮ ಇಟ್ಕೊಂಡೇ ಬಂದಿದೀನಿ. ಕೆಲವರು ಆಡ್ಕೊಂತಾರೆ, ಆಡ್ಕೊಳ್ಳಲಿ. ತಪ್ಪು ಯಾರದು ಅಂತ ಬಹಳ ವರ್ಷ ಹುಡುಕಿದೆ. ಜಮೇದಾರ ಒಳ್ಳೆಯವನು, ಇನ್‌ಸ್ಪೆಕ್ಟರರು ಒಳ್ಳೆಯವರು, ಗುಮಾಸ್ತರು ನೀರು ಕೊಟ್ಟವರು. ಕೊನೆಗೆ ಸುತ್ತಿ ಸುತ್ತಿ ನನ್ನ ಚುಕ್ಕಿಗೇ ಬಂದು ನಿಲ್ಲುತ್ತೆ.

"ಅಜ್ಜಿ, ನಿಮ್ಮದು ಕೊಡ್ರಿ" ಅಂತ ಟಪ್ಪಾಲು ಗುಮಾಸ್ತ ಕರೆದ. ಗೋಡೆ ಬಿಟ್ಟು ಹೋಗಿ ಗಂಟು ಕೊಟ್ಟೆ.

"ಒಳಗೇನೈತೆ ಅಜ್ಜಿ?"

"ಸೀರೆ ಕಣಪ್ಪ. ಗಿಳಿ ಅಂಚಿಂದು."

ಅವನು ಹ್ಞೂಂ ಅಂದು ಅರಗಿನ ಕಡ್ಡಿ ದೀಪಕ್ಕೆ ಹಿಡಿದ. ನನಗೆ ತಡೀಲಿಲ್ಲ.

"ಬಿಚ್ಚಿ ನೋಡಲ್ವೇನಪ್ಪ?"

ಅವನು ತಲೆ ಎತ್ತಿ ನನ್ನ ಮುಖ ನೋಡಿದ, ಮುದುಕಿಗೆ ಅರಳು ಮರಳು ಅಂದುಕೊಂಡಿರಬೇಕು.

"ಯಾಕಜ್ಜಿ?" ಅಂದ. "ಸೀರೆ ಅಂದ್ರಲ್ಲ."